ಪಾಲೆಯೋ, ಕಾಸರಕವೋ?

ಮರವನ್ನು ದೂರದಿಂದ ನೋಡಿ ಸಂತೋಷಪಡುವವನಿಗೆ ಅದರ ಹೆಸರು ಬೇಕಾಗಿಲ್ಲ. ಅದರ ಸೊಪ್ಪನ್ನು ಕೊಟ್ಟಿಗೆಗೆ ಹಾಸುವವನಿಗೆ, ಅದರ ಸೌದೆಯನ್ನು ಒಲೆಗೆ ಒಡ್ಡುವವಳಿಗೆ, ಅದರ ತೊಗಟೆಯನ್ನು ಅರೆದು ಮನೆಮಂದಿಗೆಲ್ಲ ಕುಡಿಸುವ ಹಿರಿಯನಿಗೆ ಹೆಸರು ಬೇಕು. ಹೆಸರು ತಪ್ಪಿದರೆ ಆಗುವ ಅನಾಹುತವೇನೆಂಬುದೂ ಇವರಿಗೇ ಗೊತ್ತು. ದಕ್ಷಿಣ ಕನ್ನಡ ಜಿಲ್ಲೆಯ ಬಂಟವಾಳ, ಬೆಳ್ತಂಗಡಿ, ಮೂಡಬಿದಿರೆಗಳ ಸುತ್ತಿನಲ್ಲಿ ಗಿಡಮರಗಳ, ಪ್ರಾಣಿಪಕ್ಷಿಗಳ ಗುರುತು ಹಿಡಿಯುವ ವಿದ್ಯೆ ಹೀಗೆ ಅಗತ್ಯದಿಂದ ಬೆಳೆದುದೇ ಹೊರತು ವಿನೋದಕ್ಕಾಗಿ ಹುಟ್ಟಿದುದಲ್ಲ.

ಬಂಟವಾಳದಲ್ಲಿ ನೇತ್ರಾವತಿಯ ದಂಡೆಯನ್ನು ಬಿಟ್ಟು ಮೂಡಣ ದಿಕ್ಕಿಗೆ ಹೊರಟವನಿಗೆ ಬೆಳ್ತಂಗಡಿಯ ಬಳಿ ಗಡಾಯಿಕಲ್ಲಿನ ಬೋಳು ಬಂಡೆಯೂ, ಅದರ ಹಿಂದೆ ಕುದುರೆಮುಖದ ಶಿಖರಗಳೂ, ಚಾರ್ಮಾಡಿಯ ಘಾಟಿಯೂ ಗೋಡೆಯಂತೆ ಎದ್ದು ನಿಲ್ಲುತ್ತವೆ. ವರ್ಷಕ್ಕೆ ಸುಮಾರು ೪೦೦೦ ಮಿಲಿಮೀಟರ್ ಮಳೆ ಸುರಿಯುವ ಈ ಸೀಮೆಯಲ್ಲಿ ತಗ್ಗಿನಲ್ಲಿ ಗದ್ದೆ, ಗದ್ದೆಯ ಅಂಚಿಗೆ ಅಡಿಕೆಯ ತೋಟ, ತೋಟದ ಮೇಲಿನ ಗುಡ್ಡದಲ್ಲಿ ಸೊಪ್ಪಿನ ಕುಮ್ಕಿ. ಅಲ್ಲಿಂದ ಮುಂದೆ ಮನುಷ್ಯನ ನೆಲ ಎಲ್ಲಿ ಮುಗಿಯಿತು, ಕಾಡು ಎಲ್ಲಿ ಮೊದಲಾಯಿತು ಎಂದು ಹೇಳುವುದು ಸುಲಭವಲ್ಲ. ಕಾಡು ಇಲ್ಲಿ ಹಿತ್ತಿಲಿನವರೆಗೆ ಬರುತ್ತದೆ. ಕೆಲವೊಮ್ಮೆ ಅಡುಗೆಮನೆಗೂ ಬರುತ್ತದೆ.

ಅಡುಗೆಮನೆಗೆ ಅದು ಮುಖ್ಯವಾಗಿ ಬರುವುದು ಆಟಿ ತಿಂಗಳಿನಲ್ಲಿ. ಜುಲೈ ನಡುವಿನಿಂದ ಆಗಸ್ಟ್ ನಡುವಿನವರೆಗೆ ನಡೆಯುವ ಈ ತಿಂಗಳು ಹಿಂದಿನ ಕಾಲದಲ್ಲಿ ಕಷ್ಟದ ತಿಂಗಳು. ನಾಟಿಯ ಕೆಲಸ ಮುಗಿದಿರುತ್ತಿತ್ತು, ಪತ್ತಾಯದ ಅಕ್ಕಿ ತಳ ಮುಟ್ಟಿರುತ್ತಿತ್ತು, ಮಳೆ ಮಾತ್ರ ನಿಲ್ಲುತ್ತಿರಲಿಲ್ಲ. ಆಗ ಮನೆಯ ಹೆಂಗಸರು ಕಾಡಿನ ಕಡೆಗೆ ತಿರುಗುತ್ತಿದ್ದರು. ಮರದ ಕವಲುಗಳಲ್ಲಿ ಬೆಳೆಯುವ ಮರಕೆಸುವಿನ ಎಲೆಯಿಂದ ಪತ್ರೊಡೆ, ದಾರಿಯ ಬದಿಯ ತಗಟೆಯ ಚಿಗುರಿನಿಂದ ಪಲ್ಯ, ಬಿದಿರಿನ ಮೆಳೆಯಿಂದ ಎಳೆಯ ಕಣಿಲೆ. ಇವುಗಳಲ್ಲಿ ಪ್ರತಿಯೊಂದಕ್ಕೂ ಒಂದೊಂದು ಎಚ್ಚರಿಕೆಯುಂಟು. ಕೆಸುವಿಗೆ ಹುಳಿ ಸಾಲದಿದ್ದರೆ ಗಂಟಲು ತುರಿಸುತ್ತದೆ. ಕಣಿಲೆಯನ್ನು ಹೆಚ್ಚಿ ನೀರಿನಲ್ಲಿ ನೆನೆಹಾಕಿ, ಆ ನೀರನ್ನು ಚೆಲ್ಲಿ, ಚೆನ್ನಾಗಿ ಬೇಯಿಸದಿದ್ದರೆ ಅದರೊಳಗಿನ ವಿಷ ಹೋಗುವುದಿಲ್ಲ. ಅಣಬೆಗಳ ವಿಷಯವನ್ನಂತೂ ಹೇಳಬೇಕಾಗಿಯೇ ಇಲ್ಲ. ನೋಟಕ್ಕೆ ಅಕ್ಕತಂಗಿಯರಂತಿರುವ ಎರಡರಲ್ಲಿ ಒಂದು ಊಟ, ಇನ್ನೊಂದು ಮೃತ್ಯು. ಈ ಜ್ಞಾನವನ್ನು ಯಾವ ಪಾಠಶಾಲೆಯೂ ಕಲಿಸಲಿಲ್ಲ. ತಾಯಿಯ ಹಿಂದೆ ಬುಟ್ಟಿ ಹಿಡಿದು ಹೋದ ಮಗಳು ಕಲಿತಳು.

ಆದರೆ ಈ ವಿದ್ಯೆಯ ನಿಜವಾದ ಪರೀಕ್ಷೆ ನಡೆಯುವುದು ಆಟಿಯ ಅಮಾವಾಸ್ಯೆಯ ದಿನ. ಅಂದು ಬೆಳಕು ಹರಿಯುವ ಮೊದಲೇ ತುಳುನಾಡಿನ ಮನೆಗಳಲ್ಲಿ ಪಾಲೆಯ ಮರದ ತೊಗಟೆಯ ರಸವನ್ನು ಬರಿಯ ಹೊಟ್ಟೆಯಲ್ಲಿ ಕುಡಿಯುವ ಸಂಪ್ರದಾಯವಿದೆ. ಮನೆಯ ಗಂಡಸೊಬ್ಬನು ಕತ್ತಲೆಯಲ್ಲಿಯೇ ಎದ್ದು ಮರದ ಬಳಿಗೆ ಹೋಗಿ, ಕಬ್ಬಿಣವನ್ನು ಮುಟ್ಟಿಸದೆ, ಕಲ್ಲಿನಿಂದ ಜಜ್ಜಿ ತೊಗಟೆಯನ್ನು ತೆಗೆದು ತರುತ್ತಾನೆ. ತುಳುವಿನಲ್ಲಿ ಈ ತೊಗಟೆಗೆ ಕೆತ್ತೆಯೆಂದು ಹೆಸರು. ಅದನ್ನು ಕರಿಮೆಣಸು, ಬೆಳ್ಳುಳ್ಳಿ, ಓಮಗಳೊಡನೆ ಅರೆದು ರಸವನ್ನು ಹಿಂಡಿ, ಕಾಯಿಸಿದ ಬಿಳಿಯ ಬೆಣಚುಕಲ್ಲನ್ನು ಅದರಲ್ಲಿ ಅದ್ದಿ, ಎಲ್ಲರೂ ಸ್ವಲ್ಪಸ್ವಲ್ಪವಾಗಿ ಕುಡಿಯುತ್ತಾರೆ. ಅದರ ಕಹಿಯನ್ನು ವರ್ಣಿಸುವುದಕ್ಕಿಂತ ಕುಡಿದವರ ಮುಖವನ್ನು ನೋಡುವುದು ಲೇಸು. ಉಷ್ಣವನ್ನು ಶಮನಗೊಳಿಸಲು ಅನಂತರ ಮೆಂತೆಯ ಗಂಜಿ. ವರ್ಷದ ರೋಗಗಳಿಗೆಲ್ಲ ಇದೊಂದು ಔಷಧಿಯೆಂದು ಜನರ ನಂಬಿಕೆ.

ಅಪಾಯವಿರುವುದು ಇಲ್ಲಿಯೇ. ಅದೇ ಗುಡ್ಡದಲ್ಲಿ, ಅದೇ ಮಣ್ಣಿನಲ್ಲಿ, ಕೆಲವೆಡೆ ಹತ್ತು ಮಾರು ಅಂತರದಲ್ಲಿ, ಕಾಸರಕದ ಮರವೂ ನಿಂತಿರುತ್ತದೆ. ತುಳುವಿನಲ್ಲಿ ಅದು ಕಾಯೆರ್; ವೈದ್ಯಗ್ರಂಥಗಳಲ್ಲಿ ವಿಷಮುಷ್ಟಿ. ಕಾಸರಗೋಡಿಗೆ ಆ ಹೆಸರು ಬಂದುದೇ ಈ ಮರದಿಂದ ಎಂಬ ಅಭಿಪ್ರಾಯವೂ ಇದೆ. ಅದರ ಬೀಜದಲ್ಲಿಯೂ ತೊಗಟೆಯಲ್ಲಿಯೂ ಇರುವ ಸ್ಟ್ರಿಕ್ನೀನ್, ಬ್ರೂಸೀನ್ ಎಂಬ ವಿಷಗಳು ಬೆನ್ನುಹುರಿಯ ಅಂಕೆಯನ್ನು ತಪ್ಪಿಸುತ್ತವೆ. ಕತ್ತು ಬಿಗಿಯುತ್ತದೆ, ದವಡೆ ಕಚ್ಚಿಕೊಳ್ಳುತ್ತದೆ, ದೇಹ ಬಿಲ್ಲಿನಂತೆ ಬಾಗುತ್ತದೆ. ಪ್ರಜ್ಞೆ ಮಾತ್ರ ಇದ್ದೇ ಇರುತ್ತದೆ. ಇದಕ್ಕೆ ಪ್ರತಿವಿಷವೆಂಬುದಿಲ್ಲ. ಕ್ಷಣವೂ ತಡಮಾಡದೆ ಆಸ್ಪತ್ರೆಗೆ ಒಯ್ಯುವುದೊಂದೇ ದಾರಿ. ಪಾಲೆಯೆಂದು ಭ್ರಮಿಸಿ ಕಾಸರಕದ ರಸವನ್ನು ಕುಡಿದು ಅಸ್ವಸ್ಥರಾದವರ ವಾರ್ತೆ ಆಟಿಯ ಅಮಾವಾಸ್ಯೆ ಕಳೆದ ಮೇಲೆ ಪತ್ರಿಕೆಗಳಲ್ಲಿ ಬಂದುದುಂಟು. ಎರಡರ ತೊಗಟೆಯೂ ಬೂದುಬಣ್ಣದ್ದೇ. ಎರಡರ ರಸವೂ ಕಹಿಯೇ. ನಾಲಗೆಯನ್ನು ನಂಬಿದವನು ಮೋಸಹೋದಂತೆಯೇ.

ಹಾಗಾದರೆ ಕತ್ತಲಲ್ಲಿ ಹೋದವನು ಮರವನ್ನು ಗುರುತಿಸುವುದು ಹೇಗೆ? ಹಿರಿಯರು ಇದಕ್ಕೆ ಕಂಡುಕೊಂಡ ಉಪಾಯ ಬಹಳ ಸರಳವಾದುದು: ಕತ್ತಲಲ್ಲಿ ಗುರುತಿಸುವುದೇ ಇಲ್ಲ. ಅಮಾವಾಸ್ಯೆಯ ಹಿಂದಿನ ದಿನ ಹಗಲಿನಲ್ಲಿಯೇ ಹೋಗಿ, ಮರವನ್ನು ಬುಡದಿಂದ ತುದಿಯವರೆಗೆ ನೋಡಿ, ನಿಶ್ಚಯಮಾಡಿಕೊಂಡು, ಕಾಂಡಕ್ಕೆ ನೂಲನ್ನು ಕಟ್ಟಿ ಬುಡದಲ್ಲಿ ಕಲ್ಲನ್ನು ಇಟ್ಟು ಬರುತ್ತಾರೆ. ಮರುದಿನ ಕೈಗೆ ನೂಲು ಸಿಕ್ಕಿದರೆ ಸಾಕು.

ವೇಣೂರಿನ ಆಚೆ, ಗುಡ್ಡದ ಬುಡದಲ್ಲಿರುವ ಒಂದು ಮನೆಯನ್ನು ಓದುಗರು ಊಹಿಸಿಕೊಳ್ಳಲಿ. ತಲೆಗೆ ಅಡಿಕೆ ಹಾಳೆಯ ಮುಟ್ಟಾಳೆಯನ್ನಿಟ್ಟ ಅಜ್ಜ ಮುಂದೆ. ಬೆಂಗಳೂರಿನಲ್ಲಿ ಓದುತ್ತಿದ್ದು ರಜೆಗೆ ಬಂದ ಮೊಮ್ಮಗ ಹಿಂದೆ. ಮಳೆ ಹನಿಯುತ್ತಿದೆ. ಹುಡುಗನ ಕೈಯಲ್ಲಿ ಫೋನು. ಅದರಲ್ಲಿ ಚಿತ್ರ ತೆಗೆದರೆ ಗಿಡದ ಹೆಸರನ್ನು ಹೇಳುವ ಉಪಕರಣ.

“ಅಜ್ಜ, ಏಳೆಲೆಯ ಮರವೆಂದಿರಿ. ಇಲ್ಲಿ ಐದೇ ಇವೆಯಲ್ಲ?”

“ಏಳು ಹೆಸರಿನಲ್ಲಿ ಮಗಾ. ಮರಕ್ಕೆ ಲೆಕ್ಕ ಬರುವುದಿಲ್ಲ. ನಾಲ್ಕೂ ಇರುತ್ತದೆ, ಎಂಟೂ ಇರುತ್ತದೆ. ಎಲ್ಲ ಒಂದೇ ಗಂಟಿನಿಂದ ಸುತ್ತಲೂ ಹೊರಟಿವೆಯೋ ಇಲ್ಲವೋ, ಅದನ್ನು ನೋಡು.”

“ಹೊರಟಿವೆ, ಅಜ್ಜ.”

“ಇನ್ನು ಉಗುರಿನಿಂದ ಸ್ವಲ್ಪ ಗೀರು. ಹಾಲು ಬಂತೋ?”

“ಬಂತು.”

“ಎರಡೂ ಸೇರಿದರೆ ಪಾಲೆ. ಒಂದೇ ಕಂಡರೆ ಮನೆಗೆ ಹಿಂದಿರುಗುವುದು. ಒಂದು ವರ್ಷ ಕುಡಿಯದಿದ್ದರೆ ಯಾರೂ ಸಾಯುವುದಿಲ್ಲ. ಮರವನ್ನು ಹಗಲಲ್ಲಿ ನೋಡಬೇಕು, ಕೆತ್ತೆಯನ್ನು ಕತ್ತಲಲ್ಲಿ ತೆಗೆಯಬೇಕು. ಆ ನೂಲನ್ನು ಕೊಡು.”

ಅಜ್ಜನ ಈ ಎರಡು ಮಾತಿನಲ್ಲಿ ಸಸ್ಯಶಾಸ್ತ್ರದ ಒಂದು ಪಾಠವೇ ಅಡಗಿದೆ. ಪಾಲೆಯ ಎಲೆಗಳು ಒಂದೇ ಗೆಣ್ಣಿನಿಂದ ಛತ್ರಿಯ ಕಡ್ಡಿಗಳಂತೆ ಸುತ್ತಲೂ ಹರಡುತ್ತವೆ; ಕೊಂಬೆಗಳೂ ಹಾಗೆಯೇ ಅಂತಸ್ತು ಅಂತಸ್ತಾಗಿ ಏಳುತ್ತವೆ. ಗಾಯವಾದಲ್ಲಿ ಬಿಳಿಯ ಹಾಲು ಒಸರುತ್ತದೆ. ಕಾಯಿಗಳು ಎರಡೆರಡಾಗಿ, ಸಣ್ಣ ಹಗ್ಗದಂತೆ ಉದ್ದಕ್ಕೆ ಜೋಲುತ್ತವೆ. ಕಾಸರಕದ ಎಲೆಗಳಾದರೋ ಎದುರುಬದುರಾಗಿ ಎರಡೆರಡೇ. ಹೊಳಪುಳ್ಳ ಎಲೆಯ ಬುಡದಿಂದಲೇ ಮೂರೋ ಐದೋ ನರಗಳು ಎದ್ದು ತುದಿಯ ಕಡೆಗೆ ಓಡುತ್ತವೆ. ಹಾಲು ಇಲ್ಲ. ಹಣ್ಣು ಕಿತ್ತಳೆಯಂತೆ ದುಂಡಗೆ, ಬಣ್ಣವೂ ಅದರದೇ. ಒಳಗೆ ಗುಂಡಿಯಂತೆ ಚಪ್ಪಟೆಯಾದ, ರೇಷ್ಮೆಯ ನುಣುಪುಳ್ಳ ಬೀಜಗಳು. ಇಷ್ಟು ಭೇದಗಳಿದ್ದರೂ ಕತ್ತಲೆಯಲ್ಲಿ, ಬರಿಯ ಕಾಂಡವನ್ನು ಮುಟ್ಟಿದಾಗ, ಇವುಗಳಲ್ಲಿ ಒಂದೂ ಕಾಣದು. ಕಡಿದು ತಂದ ತೊಗಟೆಯ ತುಂಡಿನಲ್ಲಂತೂ ಎಲೆಯೂ ಇಲ್ಲ, ಹಣ್ಣೂ ಇಲ್ಲ. ಪೇಟೆಯಲ್ಲಿ ಕುಳಿತು ಯಾರೋ ತಂದುಕೊಟ್ಟ ತೊಗಟೆಯನ್ನು ಅರೆದು ಕುಡಿಯುವವರು ಇದನ್ನು ಮನಸ್ಸಿನಲ್ಲಿಡಬೇಕು.

ಇಂಥ ಪ್ರಮಾದ ಹಳ್ಳಿಗರಿಗೆ ಮಾತ್ರ ಆಗುವಂಥದೆಂದು ಯಾರೂ ಮೂಗು ಮುರಿಯಬೇಕಾಗಿಲ್ಲ. ಹತ್ತೊಂಬತ್ತನೆಯ ಶತಮಾನದ ಆರಂಭದಲ್ಲಿ ಯೂರೋಪಿನ ಔಷಧದ ಅಂಗಡಿಗಳಲ್ಲಿ ಅಂಗೊಸ್ತುರಾ ಎಂಬ ಜ್ವರದ ತೊಗಟೆ ಬಹಳ ಪ್ರಸಿದ್ಧವಾಗಿತ್ತು. ಅದು ದಕ್ಷಿಣ ಅಮೆರಿಕದ ವೆನೆಜುವೆಲಾದಿಂದ ಬರುತ್ತಿತ್ತು, ಅದೂ ಕಹಿ. ಆ ಮೂಟೆಗಳಲ್ಲಿ ಅದೇ ರೂಪದ ಬೇರೊಂದು ತೊಗಟೆ ಸೇರಿಕೊಂಡು ರೋಗಿಗಳು ವಿಷಕ್ಕೆ ತುತ್ತಾದರು. ೧೮೧೯ರಲ್ಲಿ ಫ್ರಾನ್ಸಿನ ಪೆಲ್ಲೆಟಿಯೆ, ಕವೆಂಟು ಎಂಬ ರಸಾಯನಶಾಸ್ತ್ರಜ್ಞರು ಆ ಸುಳ್ಳು ತೊಗಟೆಯಿಂದ ಒಂದು ವಿಷವನ್ನು ಬೇರ್ಪಡಿಸಿದರು. ಅದು ಇಥಿಯೋಪಿಯದ ಬ್ರೂಸಿಯಾ ಎಂಬ ಗಿಡದ ತೊಗಟೆಯೆಂದು ಆಗ ಭಾವಿಸಲಾಗಿದ್ದುದರಿಂದ ವಿಷಕ್ಕೆ ಬ್ರೂಸೀನ್ ಎಂದು ಹೆಸರಿಟ್ಟರು. ವಾಸ್ತವವಾಗಿ ಅದು ಬ್ರೂಸಿಯಾದ ತೊಗಟೆಯಾಗಿರಲಿಲ್ಲ, ಕಾಸರಕದ ತೊಗಟೆಯಾಗಿತ್ತು! ತಪ್ಪು ತಿಳಿದ ಮೇಲೂ ಹೆಸರು ಮಾತ್ರ ಉಳಿಯಿತು. ಜಗತ್ತಿನ ರಸಾಯನಶಾಸ್ತ್ರದ ಪುಸ್ತಕಗಳಲ್ಲೆಲ್ಲ ಇಂದಿಗೂ ಒಂದು ಮರದ ಗುರುತು ತಪ್ಪಿದ ಕಥೆ ಆ ಹೆಸರಿನೊಳಗೆ ಮಲಗಿದೆ.

ಹೆಸರುಗಳು ದಾರಿ ತೋರಿಸುವುದೂ ಉಂಟು, ದಾರಿ ತಪ್ಪಿಸುವುದೂ ಉಂಟು. ಹಳಗನ್ನಡದ ಪಕಾರ ಹೊಸಗನ್ನಡದಲ್ಲಿ ಹಕಾರವಾಯಿತು. ತುಳುವಿನಲ್ಲಿ ಅದು ಪಕಾರವಾಗಿಯೇ ನಿಂತಿತು. ಕನ್ನಡದ ಹಕ್ಕಿ ತುಳುವಿನಲ್ಲಿ ಪಕ್ಕಿ, ಹಂದಿ ಪಂಜಿ, ಹುಲಿ ಪಿಲಿ, ಹೂವು ಪೂ. ಹಾಗೆಯೇ ಕನ್ನಡದ ಹಾಲೆಯ ಮರ ತುಳುವಿನಲ್ಲಿ ಪಾಲೆ. ಹಾಲು ಸುರಿಸುವ ಮರವೆಂಬ ಗುರುತು ಹೆಸರಿನಲ್ಲಿಯೇ ಇದೆ. ಆದರೆ ಹಾಲು ಸುರಿಸುವ ಮರಗಳು ಕಾಡಿನಲ್ಲಿ ಹಲವು. ಕನ್ನಡದಲ್ಲಿ ಬೆಪ್ಪಾಲೆಯೇ ಬೇರೆ ಮರ. ಆದುದರಿಂದಲೇ ಹಿರಿಯರು ಹಾಲೊಂದನ್ನೇ ನೆಚ್ಚದೆ ಎಲೆಯ ಸುತ್ತನ್ನೂ ನೋಡೆಂದರು. ಪ್ರಾಣಿಗಳ ಹೆಸರಿನಲ್ಲಿಯೂ ಇದೇ ಗೊಂದಲ. ಚಿಪ್ಪುಹಂದಿ ಹಂದಿಯಲ್ಲ, ಮುಳ್ಳುಹಂದಿಯೂ ಹಂದಿಯಲ್ಲ, ಪುನುಗುಬೆಕ್ಕು ಬೆಕ್ಕಿನ ಕುಲದ್ದಲ್ಲ. ಅಡಿಕೆಯ ತೋಟದಲ್ಲಿ ಮರದಿಂದ ಮರಕ್ಕೆ ತೇಲುವ ಹಾರುವ ಓತಿಗೆ ರೆಕ್ಕೆಯೇ ಇಲ್ಲ. ನೀಳವಾದ ಪಕ್ಕೆಲುಬುಗಳ ಮೇಲೆ ಹರಡಿದ ಚರ್ಮವದು. ಪೂರ್ಣಚಂದ್ರ ತೇಜಸ್ವಿಯವರ “ಕರ್ವಾಲೊ” ಕಾದಂಬರಿ ೧೯೮೦ರಲ್ಲಿ ಬಂದ ಮೇಲೆ ಪೇಟೆಯ ಓದುಗರೂ ಆ ಓತಿಯ ವಿಷಯ ತಿಳಿದರು. ವಿಜ್ಞಾನಿಯೊಬ್ಬ ಹಳ್ಳಿಯ ಮಂದಣ್ಣನ ಕಣ್ಣನ್ನು ಗೌರವದಿಂದ ಕಾಣುವುದು ಆ ಕಾದಂಬರಿಯ ಸೊಗಸುಗಳಲ್ಲಿ ಒಂದು.

ಹಳ್ಳಿಯ ಕಣ್ಣನ್ನು ಗೌರವಿಸಿದ ವಿಜ್ಞಾನ ಅದಕ್ಕಿಂತ ಮುನ್ನೂರು ವರ್ಷ ಹಿಂದೆಯೇ ಈ ಕರಾವಳಿಯಲ್ಲಿ ನಡೆದಿತ್ತು. ಕೊಚ್ಚಿಯಲ್ಲಿ ಡಚ್ಚರ ಅಧಿಕಾರಿಯಾಗಿದ್ದ ವಾನ್ ರೀಡ್ ಎಂಬಾತ ಮಲಬಾರಿನ ಸಸ್ಯಗಳನ್ನು ಚಿತ್ರಿಸಿ ಬರೆಯಿಸಿದ “ಹೊರ್ಟುಸ್ ಮಲಬಾರಿಕುಸ್” ಎಂಬ ಹನ್ನೆರಡು ಸಂಪುಟಗಳು ೧೬೭೮ರಿಂದ ೧೬೯೩ರವರೆಗೆ ಆಂಸ್ಟರ್‌ಡ್ಯಾಮಿನಲ್ಲಿ ಅಚ್ಚಾದವು. ಗಿಡಗಳನ್ನು ಗುರುತಿಸಿ ಅವುಗಳ ಗುಣಗಳನ್ನು ಹೇಳಿದವರು ಇಟ್ಟಿ ಅಚ್ಯುತನ್ ಎಂಬ ನಾಟಿವೈದ್ಯರು; ಅವರೊಡನೆ ರಂಗಭಟ್ಟ, ವಿನಾಯಕ ಪಂಡಿತ, ಅಪ್ಪುಭಟ್ಟ ಎಂಬ ಮೂವರು ಕೊಂಕಣಿ ವೈದ್ಯರು. ಮೊದಲನೆಯ ಸಂಪುಟದಲ್ಲಿಯೇ ಪಾಲೆಯೂ ಇದೆ, ಕಾಸರಕವೂ ಇದೆ. ೧೭೬೭ರಲ್ಲಿ ಲಿನ್ನೇಯಸ್ ಪಂಡಿತನು ಪಾಲೆಗೆ ವಿದ್ಯಾರ್ಥಿಗಳ ಮರವೆಂಬ ಅರ್ಥದ ಹೆಸರನ್ನು ಕೊಟ್ಟನು. ಅದರ ಹಗುರವಾದ ಹಲಗೆ ಮಕ್ಕಳು ಬರೆಯುವ ಪಾಟಿಗೆ ಒದಗುತ್ತಿದ್ದುದೇ ಕಾರಣ. ಶಾಂತಿನಿಕೇತನದ ವಿಶ್ವಭಾರತಿಯಲ್ಲಿ ಪದವಿ ಪಡೆದವರ ಕೈಗೆ ಹಿಂದೆ ಕೊಡುತ್ತಿದ್ದುದೂ ಇದೇ ಸಪ್ತಪರ್ಣಿಯ ಎಲೆಗೊಂಚಲನ್ನು. ಅಲ್ಲಿ ಎಲೆಯನ್ನು ಕೊಡುತ್ತಿದ್ದರು. ತುಳುನಾಡಿನಲ್ಲಿ ಎಲೆಯನ್ನು ಓದಬಲ್ಲವನಿಗೇ ಪದವಿ.

ವಿಷಗಳನ್ನು ಸ್ಥಾವರವೆಂದೂ ಜಂಗಮವೆಂದೂ ವಿಂಗಡಿಸುವುದು ಹಳೆಯ ವೈದ್ಯಗ್ರಂಥಗಳ ಕ್ರಮ. ಹದಿನಾಲ್ಕನೆಯ ಶತಮಾನದ ಮಂಗರಾಜನು “ಖಗೇಂದ್ರಮಣಿದರ್ಪಣ”ವೆಂಬ ವಿಷವೈದ್ಯವನ್ನು ಕನ್ನಡದಲ್ಲಿಯೇ ಬರೆದಿದ್ದಾನೆ. ಕಾಸರಕ ನಿಂತಲ್ಲಿಯೇ ನಿಲ್ಲುವ ವಿಷವಾದರೆ ಹಾವು ನಡೆದುಬರುವ ವಿಷ. ಅದರ ಗುರುತು ಇನ್ನೂ ಕಷ್ಟ. ಅದನ್ನು ಹಗಲಿನಲ್ಲಿ ನೋಡಿ ನೂಲು ಕಟ್ಟಿ ಬರುವಂತಿಲ್ಲ! ಮನೆಯೊಳಗೆ ಬರುವ ತೋಳಹಾವಿಗೂ ಕಟ್ಟುಹಾವಿಗೂ ಮೈಮೇಲೆ ಬಿಳಿಯ ಪಟ್ಟೆಗಳೇ. ನಿರುಪದ್ರವಿಯಾದ ತೋಳಹಾವಿಗೆ ಪಟ್ಟೆಗಳು ಕತ್ತಿನ ಬಳಿಯಿಂದ ಮೊದಲಾಗಿ ಬಾಲದ ಕಡೆಗೆ ಮಾಸುತ್ತವೆ. ಕಟ್ಟುಹಾವಿಗೆ ಕತ್ತಿನ ಬಳಿ ಮಾಸಲಾಗಿ ಬಾಲದ ಕಡೆಗೆ ಒತ್ತಾಗುತ್ತವೆ. ತಪ್ಪು ಎರಡು ಕಡೆಗೂ ಆಗುತ್ತದೆ. ಇಲಿಗಳನ್ನು ತಿಂದು ರೈತನಿಗೆ ಉಪಕಾರ ಮಾಡುವ ಕೇರೆಹಾವು ನಾಗರವೆಂಬ ಭಯದಲ್ಲಿ ಪೆಟ್ಟು ತಿನ್ನುತ್ತದೆ. ಮಲಗಿದವನನ್ನು ನೋವೇ ಆಗದಂತೆ ಕಚ್ಚುವ ಕಟ್ಟುಹಾವನ್ನು ಸಣ್ಣದೆಂದು ಉಪೇಕ್ಷಿಸಲಾಗುತ್ತದೆ. ಆಸ್ಪತ್ರೆಗಳಲ್ಲಿ ಕೊಡುವ ವಿಷಹಾರಿ ಚುಚ್ಚುಮದ್ದು ತಯಾರಾಗುವುದು ನಾಗರ, ಕಟ್ಟುಹಾವು, ಕೊಳಕುಮಂಡಲ, ಗರಗಸಮಂಡಲ ಎಂಬ ನಾಲ್ಕರ ವಿಷದಿಂದ. ಘಟ್ಟದ ತೋಟಗಳಲ್ಲಿ ತರಗೆಲೆಯ ನಡುವೆ ಮಲಗುವ, ಮೂತಿ ಮೇಲಕ್ಕೆ ಎದ್ದ ಸಣ್ಣ ಗುಳಿಮಂಡಲಕ್ಕೆ ಅದು ನಾಟುವುದಿಲ್ಲ. ಹಾವನ್ನು ಹಿಡಿಯಲೂ ಕೊಲ್ಲಲೂ ಹೋಗದೆ, ಕಂಡ ರೂಪವನ್ನು ವೈದ್ಯರಿಗೆ ಸರಿಯಾಗಿ ಹೇಳಬಲ್ಲವನು ರೋಗಿಗೆ ಅರ್ಧ ಚಿಕಿತ್ಸೆ ಮಾಡಿದಂತೆ.

ಪ್ರಾಣಿಯ ಗುರುತಿಗಿಂತ ಅದರ ಸಾವಿನ ಗುರುತು ಮುಖ್ಯವಾಗುವ ಸಂದರ್ಭವೂ ಉಂಟು. ೧೯೫೭ರಲ್ಲಿ ಶಿವಮೊಗ್ಗ ಜಿಲ್ಲೆಯ ಕ್ಯಾಸನೂರು ಕಾಡಿನಲ್ಲಿ ಪತ್ತೆಯಾದ ಮಂಗನ ಕಾಯಿಲೆ ೧೯೮೨-೮೩ರಲ್ಲಿ ಬೆಳ್ತಂಗಡಿ ತಾಲೂಕಿಗೆ ಇಳಿದು ಅನೇಕರನ್ನು ಬಲಿ ತೆಗೆದುಕೊಂಡಿತು. ಗೇರು ನೆಡಲು ಕಾಡನ್ನು ಬೋಳುಮಾಡಿದ ಪ್ರದೇಶದ ಸುತ್ತ ಅದು ತಲೆಯೆತ್ತಿತು. ರೋಗವನ್ನು ಹರಡುವುದು ಕಾಡಿನ ಉಣುಗು. ಮುಸುವಗಳೂ ಮಂಗಗಳೂ ಮೊದಲು ಸಾಯುತ್ತವೆ. ಕಾಡಿನಲ್ಲಿ ಸತ್ತ ಮಂಗ ಕಂಡರೆ ಅದು ಮನುಷ್ಯನಿಗೆ ಬಂದ ಎಚ್ಚರಿಕೆಯ ಪತ್ರ. ಆ ಪತ್ರವನ್ನು ಓದಬಲ್ಲವರು ಅದನ್ನು ಮುಟ್ಟದೆ ಆರೋಗ್ಯ ಇಲಾಖೆಗೆ ತಿಳಿಸುತ್ತಾರೆ; ಸೊಪ್ಪಿಗೆ, ಸೌದೆಗೆ ಆ ಕಡೆ ಹೋಗುವುದನ್ನು ನಿಲ್ಲಿಸುತ್ತಾರೆ.

ಈ ಓದುವಿಕೆ ಈಗ ಯಾರಲ್ಲಿ ಉಳಿದಿದೆ? ಮೂಡಬಿದಿರೆಯ ಬಸದಿಯಲ್ಲಿ ಧವಳ ಸಿದ್ಧಾಂತಗ್ರಂಥಗಳ ತಾಳೆಯ ಓಲೆಗಳನ್ನು ಶತಮಾನಗಳ ಕಾಲ ಕಾಪಾಡಿಕೊಂಡು ಬಂದರು. ಆದರೆ ಅಂಥ ಓಲೆಯನ್ನು ಕೊಡುವ ಶ್ರೀತಾಳೆಯ ಮರ, ಬದುಕಿನಲ್ಲಿ ಒಂದೇ ಸಲ ಆಕಾಶದೆತ್ತರಕ್ಕೆ ಹೂಬಿಟ್ಟು ಸಾಯುವ ಮರ, ಹೂಬಿಟ್ಟಾಗ ಅಪಶಕುನವೆಂದು ಹೆದರಿ ಕಡಿದವರುಂಟು. ಗ್ರಂಥ ಉಳಿಯಿತು, ಗ್ರಂಥಕ್ಕೆ ಎಲೆ ಕೊಟ್ಟ ಮರದ ಪರಿಚಯ ಅಳಿಯಿತು. ನಾಗಬನಗಳದೂ ಇದೇ ಕಥೆ. ಹೆದರಿಕೆಯಿಂದಲಾದರೂ ಕೊಡಲಿ ಹಾಕದೆ ಉಳಿದಿದ್ದ ಆ ಮರಗಳ ನೆರಳಿನಲ್ಲಿ ಮಕ್ಕಳು ಬಳ್ಳಿಯ, ಹಕ್ಕಿಯ ಹೆಸರನ್ನು ಕಲಿಯುತ್ತಿದ್ದರು. ಹಲವೆಡೆ ಈಗ ಅಲ್ಲಿ ಕಾಂಕ್ರೀಟಿನ ಕಟ್ಟೆ ಇದೆ.

ಪುಸ್ತಕಗಳಿಲ್ಲವೆಂದಲ್ಲ. ಜಿಲ್ಲೆ ಮದರಾಸಿಗೆ ಸೇರಿದ್ದ ಕಾಲದಲ್ಲಿ ಗ್ಯಾಂಬಲನ ಸಸ್ಯಕೋಶ ೧೯೧೫ರಿಂದ ೧೯೩೬ರವರೆಗೆ ಭಾಗಭಾಗವಾಗಿ ಬಂದಿತು. ಉಡುಪಿಯ ಸಸ್ಯಶಾಸ್ತ್ರದ ಪ್ರಾಧ್ಯಾಪಕರಾಗಿದ್ದ ಕೆ. ಗೋಪಾಲಕೃಷ್ಣ ಭಟ್ಟರು ದಕ್ಷಿಣ ಕನ್ನಡ, ಉಡುಪಿ ಜಿಲ್ಲೆಗಳ ಸಸ್ಯಗಳನ್ನೆಲ್ಲ ಗುರುತಿಸಿ ಬರೆದ ದೊಡ್ಡ ಗ್ರಂಥ ೨೦೧೪ರಲ್ಲಿ ಪ್ರಕಟವಾಯಿತು. ಚಿತ್ರವನ್ನು ನೋಡಿ ಹೆಸರು ಹೇಳುವ ಫೋನೂ ಕಿಸೆಯಲ್ಲಿದೆ. ಇವೆಲ್ಲ ಒಳ್ಳೆಯವೇ. ಆದರೆ ಫೋನು ಹೆಸರನ್ನು ಹೇಳುತ್ತದೆ, ರಸವನ್ನು ಕುಡಿಯುವುದಿಲ್ಲ. ಅಜ್ಜನಾದರೋ ತಾನು ಗುರುತಿಸಿದ ಮರದ ರಸವನ್ನು ಮೊದಲು ತಾನೇ ಕುಡಿದು, ಬಳಿಕ ಮಕ್ಕಳಿಗೆ ಕೊಡುತ್ತಿದ್ದನು. ಗುರುತಿನ ಹೊಣೆಯನ್ನು ಹೊತ್ತುಕೊಳ್ಳುವುದೆಂದರೆ ಅದು. ಅದನ್ನು ಯಾವ ಗ್ರಂಥದಿಂದಲೂ ಕಲಿಯಲಾಗದು. ಗೊತ್ತಿದ್ದವರ ಹಿಂದೆ ನಾಲ್ಕು ಮಳೆಗಾಲ ನಡೆದೇ ಕಲಿಯಬೇಕು.

ಇತ್ತೀಚೆಗೆ ಪೇಟೆಗಳಲ್ಲಿ ಸಂಘಸಂಸ್ಥೆಗಳು ಪಾಲೆಯ ಕಷಾಯವನ್ನು ತಯಾರಿಸಿ ಹಂಚುತ್ತವೆ. ತಿಳಿದವರ ಕೈಯಿಂದ ಬಂದುದಾದರೆ ಅದೂ ಸರಿಯೇ. ಆದರೆ ಊರಿನಲ್ಲಿ ಗುಡ್ಡವಿದ್ದು, ಗುಡ್ಡದಲ್ಲಿ ಪಾಲೆಯಿದ್ದು, ಮನೆಯಲ್ಲಿ ಅದನ್ನು ಬಲ್ಲ ಹಿರಿಯರಿದ್ದರೆ, ರಜೆಗೆ ಬಂದ ಮಕ್ಕಳನ್ನು ಅವರೊಡನೆ ಕಳುಹಿಸುವುದು ಇನ್ನೂ ಸರಿ. ಮೊದಲು ಪಾಲೆಯನ್ನು ತೋರಿಸಲಿ. ಆಮೇಲೆ ಮರೆಯದೆ ಕಾಸರಕವನ್ನೂ ತೋರಿಸಲಿ. ಒಂದನ್ನು ಬಲ್ಲವನು ಅರ್ಧ ಬಲ್ಲವನು. ಅಮಾವಾಸ್ಯೆಯ ಹಿಂದಿನ ಸಂಜೆ, ಬೆಳಕು ಇರುವಾಗಲೇ, ನೂಲನ್ನು ಮಕ್ಕಳ ಕೈಯಿಂದಲೇ ಕಟ್ಟಿಸಿದರೆ ಸಾಕು.